ಕಂಪೈಲರ್ ರಿಪೇರಿಯೂ ಒಂದು ಪತ್ರವ್ಯವಹಾರವೂ

ಕಂಪೈಲರನ್ನು ರಿಪೇರಿ ಮಾಡುವುದು ಕುಕ್ಕರಿನ ಗ್ಯಾಸ್ಕೆಟ್ ಬದಲಿಸಿದಷ್ಟೇ ಸುಲಭ ಎಂದು ನಾನು ನಂಬಿದ್ದೆ. ಪಾಲಿಟೆಕ್ನಿಕ್ಕಿನಲ್ಲಿ ಹನ್ನೆರಡು ವರ್ಷ ಅದನ್ನೇ ಪಾಠ ಮಾಡಿದವಳಿಗೆ ಅಷ್ಟೂ ಗೊತ್ತಿರುವುದಿಲ್ಲವೇ?

ಕಂಪೈಲರ್ ಎಂದರೆ ನಾವು ಬರೆದ ಪ್ರೋಗ್ರಾಮನ್ನು ಕಂಪ್ಯೂಟರಿಗೆ ತಿಳಿಯುವಂತೆ ಹೇಳುವ ದುಭಾಷಿ. ಹೊರದೇಶದ ಯಾರೋ ಪುಣ್ಯಾತ್ಮರು ಪುಕ್ಕಟೆ ಹಂಚುತ್ತಿದ್ದ ನಮ್ಮ ದುಭಾಷಿಗೆ ಒಂದು ಕಾಯಿಲೆ. ಎರಡೂವರೆಗೆ ಒಂದು ಕೂಡಿಸು ಎಂದರೆ ಮೂರು ಎನ್ನುತ್ತಿತ್ತು. ಯಾವುದು ಪೂರ್ಣಸಂಖ್ಯೆ, ಯಾವುದು ದಶಮಾಂಶ ಎಂಬ ಭೇದವೇ ತಿಳಿಯದೆ ಅರ್ಧವನ್ನು ನುಂಗಿಬಿಡುತ್ತಿತ್ತು.

ಮೊದಲ ಭಾನುವಾರ ಕೃಷ್ಣಮೂರ್ತಿಪುರಂನ ನನ್ನ ಮನೆಯಲ್ಲಿ ಶಸ್ತ್ರಚಿಕಿತ್ಸೆ ಆರಂಭವಾಯಿತು. ಸಂಜೆಯ ಹೊತ್ತಿಗೆ ಎಲ್ಲವೂ ದಶಮಾಂಶ! ಮೂರು ಸಲ ಮಾಡು ಎಂದ ಕೆಲಸವನ್ನು ನಿಲ್ಲಿಸದೆ ಮಾಡುತ್ತಾ ಕೂತಿತು. ಎರಡನೇ ಭಾನುವಾರ ಅಕ್ಷರಗಳೂ ಸಂಖ್ಯೆಗಳಾದವು. ನನ್ನ ಹೆಸರು ಕೊಟ್ಟರೆ ನಾನೂರ ಎಂಬತ್ತೆರಡು ಎಂದಿತು. ಮೂರನೇ ಭಾನುವಾರ, ಅಂತೂ, ಮೂರೂವರೆ ಬಂತು.

"ಅಮ್ಮಾ, ಸರಿ ಹೋಯ್ತು!" ಎಂದು ಅಡುಗೆಮನೆಗೆ ಓಡಿದೆ.

ಅಮ್ಮ ತೀರಿಕೊಂಡು ಆಗಲೇ ಎಂಟು ತಿಂಗಳಾಗಿತ್ತು. ಸ್ಟವ್ ಮುಂದೆ ಸ್ವಲ್ಪ ಹೊತ್ತು ನಿಂತಿದ್ದು ವಾಪಸ್ ಬಂದೆ. ಆದರೂ ಯಾರಿಗಾದರೂ ಹೇಳಲೇಬೇಕಿತ್ತು.

ಮಾರನೆಯ ದಿನ ಫ್ಲಾಪಿ ಹಿಡಿದು, ಲಕ್ಷ್ಮೀಪುರಂನಲ್ಲಿ ಸರೋಜಮ್ಮ ನಡೆಸುತ್ತಿದ್ದ ಬ್ರೌಸಿಂಗ್ ಸೆಂಟರಿಗೆ ಹೋಗಿ, ಆ ಪುಣ್ಯಾತ್ಮರಿಗೆ ನನ್ನ ರಿಪೇರಿಯನ್ನು ಈಮೇಲ್ ಮಾಡಿದೆ. ಒಂದೇ ನಿಮಿಷದಲ್ಲಿ ಇಂಗ್ಲಿಷಿನಲ್ಲಿ ಉತ್ತರ! "ಧನ್ಯವಾದಗಳು. ನಿಮ್ಮ ಪತ್ರ ನಮಗೆ ಬಹಳ ಮುಖ್ಯ."

ಇಷ್ಟು ಹೇಳಿದವರಿಗೆ ಒಂದು ಮಾತು ಬರೆಯದಿದ್ದರೆ ಮೈಸೂರಿನ ಮರ್ಯಾದೆ ಏನಾಗಬೇಕು? ತಾವು ಹಾಗೆಲ್ಲ ಹೇಳಬಾರದು, ನನ್ನದೇನು ಮಹಾ ಎಂದು ಬರೆದೆ. ಅದಕ್ಕೂ ಉತ್ತರ ಬಂತು. ಮಂಗಳವಾರ, ದಸರಾಗೆ ನಮ್ಮ ಮನೆಗೇ ಬಂದು ಉಳಿಯಿರಿ ಎಂದು ಕರೆದೆ. ಬುಧವಾರ ಅಮ್ಮ ಚಟ್ನಿಪುಡಿ ಮಾಡುತ್ತಿದ್ದ ವಿಧಾನ. ಗುರುವಾರ ಅಮ್ಮನ ಕೊನೆಯ ದಿನಗಳು. ಯಾರಿಗೂ ಹೇಳದೆ ಇಟ್ಟುಕೊಂಡಿದ್ದನ್ನೆಲ್ಲ ಬರೆದೆ. ಪ್ರತಿಸಲವೂ ನನ್ನ ಪತ್ರ ಅವರಿಗೆ ಬಹಳ ಮುಖ್ಯವಾಗಿತ್ತು.

ಶುಕ್ರವಾರ ನಾನು ಕಣ್ಣೊರೆಸಿಕೊಳ್ಳುವುದನ್ನು ನೋಡಿ ಸರೋಜಮ್ಮ ಗಾಬರಿಯಿಂದ ಎದ್ದು ಬಂದರು.

"ಏನ್ರೀ ಮೇಡಂ, ದಿನಾ ಅದೇ ಎರಡು ಸಾಲು ಬರೀತಾರಲ್ಲ ಇವರು?"

"ಕೆಲವರಿಗೆ ಮಾತು ಕಮ್ಮಿ ಕಣ್ರೀ."

"ಕೆಳಗಡೆ ಇನ್ನೂ ಏನೋ ಇದ್ದಂಗಿದೆ, ನೋಡಿದ್ರಾ?"

ಅವರೇ ಮೌಸ್ ಹಿಡಿದು ಪುಟವನ್ನು ಕೆಳಕ್ಕೆ ಸರಿಸಿದರು. ಸಣ್ಣಕ್ಷರದಲ್ಲಿತ್ತು: ಇದು ಕಂಪ್ಯೂಟರ್ ತಾನಾಗಿ ಕಳಿಸಿದ ಉತ್ತರ. ದಯವಿಟ್ಟು ಇದಕ್ಕೆ ಮತ್ತೆ ಬರೆಯಬೇಡಿ.

ಸಂಖ್ಯೆಗಳ ಭೇದ ತಿಳಿಯದ ಕಂಪೈಲರಿಗೆ ಮೂರು ವಾರ ಬುದ್ಧಿ ಕಲಿಸಿದ ವಿದುಷಿಗೆ ಮನುಷ್ಯರು ಯಾರು, ಯಂತ್ರ ಯಾವುದು ಎಂಬ ಭೇದ ತಿಳಿದಿರಲಿಲ್ಲ!

ಸರೋಜಮ್ಮ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು.

"ಹೋಗ್ಲಿ ಬುಡಿ ಮೇಡಂ. ದಿನಾ ಅಷ್ಟೊಂದು ಏನ್ ಬರೀತಿದ್ರಿ? ನಂಗಾದ್ರೂ ಹೇಳಿ, ಕೇಳ್ತೀನಿ," ಎಂದು ಪಕ್ಕಕ್ಕೆ ಕುರ್ಚಿ ಎಳೆದುಕೊಂಡರು.

"ಏನಿಲ್ಲ ಕಣ್ರೀ, ಕಾಲೇಜಿನ ಕೆಲಸ," ಎಂದುಬಿಟ್ಟೆ. ಕೇಳುವ ಮನುಷ್ಯರು ಎದುರಿಗೇ ಸಿಕ್ಕಾಗ ಬಾಯಿ ಬರಲಿಲ್ಲ.

ಅವರು ಎದ್ದು ಹೋದ ಮೇಲೆ, ಹೇಳದೆ ಹೊರಡುವುದು ಸರಿಯಲ್ಲವೆಂದು ಯಂತ್ರಕ್ಕೆ ಕೊನೆಯದಾಗಿ ಒಂದು ಸಾಲು ಬರೆದೆ: ಇಷ್ಟು ದಿನ ತಮಗೆ ತೊಂದರೆ ಕೊಟ್ಟೆ, ಕ್ಷಮಿಸಿ.

ಉತ್ತರ ಬರುವವರೆಗೂ ಕಾದಿದ್ದು, ಅದನ್ನು ಓದಿದ ಮೇಲೇ ಮನೆಗೆ ಹೊರಟೆ.