ಜಯದೇವಪ್ಪನ ಡೇರೆ

ಹೊರಟವನನ್ನು ‘ಎಲ್ಲಿಗೆ?’ ಎಂದು ಕೇಳಬಾರದು ಎನ್ನುವುದು ಹಿರಿಯರ ಮಾತು. ಜಯನಗರದ ಕರಿಬಸವಯ್ಯನವರೂ ಹಿರಿಯರೇ. ಆದರೆ ಪಕ್ಕದ ಮನೆಯ ಜಯದೇವಪ್ಪನನ್ನು ಅವರು ಕೇಳದೆ ಬಿಟ್ಟ ಭಾನುವಾರ ಒಂದೂ ಇರಲಿಲ್ಲ.

“ಏನ್ರೀ ಜಯದೇವಪ್ಪನೋರೆ, ಬೆಳಕು ಹರಿಯೋಕ್ಮುಂಚೆ ಸವಾರಿ ಎಲ್ಲಿಗೆ?”

“ಇಲ್ಲೇ ಸಾರ್, ಸ್ವಲ್ಪ ಗಾಳಿಗೆ.”

“ಗಾಳಿಗೆ ಹೋಗೋರಿಗೆ ಅಷ್ಟು ದೊಡ್ಡ ಗಂಟು ಯಾಕ್ರೀ?”

ಜಯದೇವಪ್ಪ ಗಂಟನ್ನು ಕ್ಯಾರಿಯರಿಗೆ ಬಿಗಿದು ಸೈಕಲ್ ಹತ್ತಿದ.

ಆಗಿನ ಜಯನಗರವನ್ನು ಈಗಿನವರಿಗೆ ಹೇಗೆ ಹೇಳುವುದು! ಅಲ್ಲೊಂದು ಇಲ್ಲೊಂದು ಮನೆ, ಉಳಿದದ್ದೆಲ್ಲ ಖಾಲಿ ಸೈಟು, ಸಂಜೆಯಾದರೆ ನರಿಯ ಕೂಗು. ಅಷ್ಟೆಲ್ಲ ಬಯಲಿದ್ದರೂ ಮನುಷ್ಯನಿಗೆ ಏಕಾಂತ ಮಾತ್ರ ಇರಲಿಲ್ಲ. ಜಯದೇವಪ್ಪನ ಮನೆಯಲ್ಲಿ ಒಗ್ಗರಣೆ ಚಟಪಟ ಎಂದರೆ ಕರಿಬಸವಯ್ಯನವರು ತಮ್ಮ ಕಿಟಕಿಯಿಂದಲೇ ‘ಸಾಸಿವೆ ಸೀದೋಯ್ತು ನೋಡಮ್ಮಾ’ ಎನ್ನುತ್ತಿದ್ದರು. ಪಾಪ, ಕೆಟ್ಟವರಲ್ಲ. ಜ್ವರ ಬಂದರೆ ಗಂಜಿ ತರುತ್ತಿದ್ದವರೂ ಅವರೇ. ಆದರೆ ಗಂಜಿ ಕುಡಿದು ಮುಗಿಯುವವರೆಗೂ ಎದುರಿಗೇ ಕೂತು ಮಾತಾಡುತ್ತಿದ್ದರು.

ಗುಮಾಸ್ತ ಜಯದೇವಪ್ಪನಿಗೆ ಇದ್ದದ್ದು ಒಂದೇ ಹುಚ್ಚು. ಕೆರೆ, ಗುಡ್ಡ, ಕಾಡುಹಾದಿ ಎಂದು ಅಲೆಯುವುದು. ಸಂಬಳ ಅಷ್ಟಕ್ಕಷ್ಟೆ, ಹಾಗಾಗಿ ಸಾಹಸವೂ ಅಗ್ಗದ್ದೇ. ಹಳೆಯ ಜಮಖಾನೆಗೆ ಗೋಣಿತಾಟು ಸೇರಿಸಿ ತಾನೇ ಹೊಲಿದ ಡೇರೆ, ಹುಣಸೆ ಕೊಂಬೆ ಕೆತ್ತಿದ ಗೂಟ, ಗುಜರಿಯಲ್ಲಿ ಸಿಕ್ಕಿದ ಮಿಲಿಟರಿ ಖಾಕಿ ಚಡ್ಡಿ, ತಲೆಗೊಂದು ಬೆಂಡಿನ ಟೋಪಿ, ಊಟಕ್ಕೆ ರೊಟ್ಟಿ ಚಟ್ನಿಪುಡಿ. ಹೀಗೆ ಅಲೆಯುತ್ತ ಹೊಸಕೆರೆಹಳ್ಳಿ ಕೆರೆಯ ಮೇಲುಗಡೆ, ಹೊಂಗೆ ಮರದ ಪಕ್ಕದಲ್ಲಿ, ಒಂದು ಬಂಡೆ ಕಂಡುಕೊಂಡಿದ್ದ. ಅಲ್ಲಿ ಕೂತರೆ ಯಾರೂ ಏನೂ ಕೇಳುತ್ತಿರಲಿಲ್ಲ. ಈ ಭೂಮಿಯ ಮೇಲೆ ತನ್ನದು ಅಂತ ಅವನಿಗಿದ್ದ ಜಾಗ ಅದೊಂದೇ. ಹೆಂಡತಿ ಗಿರಿಜಾದೇವಿಗೂ ಅದರ ಸುಳಿವು ಕೊಟ್ಟಿರಲಿಲ್ಲ.

ಆ ದಿನ ಡೇರೆಯ ಮೊದಲ ಪರೀಕ್ಷೆ. ಜಯದೇವಪ್ಪ ಹಗ್ಗ ಎಳೆದ, ಹೆಜ್ಜೆ ಹಾಕಿ ಅಳತೆ ನೋಡಿದ, ಒಂದು ಕಣ್ಣು ಮುಚ್ಚಿ ಸಾಲು ನೇರವಿದೆಯೇ ನೋಡಿ ಬಂಡೆಯ ಬುಡದ ಮಣ್ಣಿನಲ್ಲಿ ಗೂಟ ಹೊಡೆಯತೊಡಗಿದ. ಕೆರೆಯಲ್ಲಿ ಎಮ್ಮೆ ತೊಳೆಯುತ್ತಿದ್ದ ಬೋರಣ್ಣ ಇದನ್ನು ಕಂಡವನೇ ಎಮ್ಮೆಯನ್ನು ನೀರಲ್ಲೇ ಬಿಟ್ಟು ಊರೊಳಕ್ಕೆ ಓಡಿದ.

“ಬೈರಣ್ಣಾ, ಕೆಟ್ವಲ್ಲಪ್ಪೋ! ಖಾಕಿ ಚಡ್ಡಿ ಸಾಹೇಬ್ರು ನಿನ್ನ ಹೊಲ್ದಾಗೆ ಗೂಟ ಹೊಡೀತಾವ್ರೆ!”

ಆ ಕಾಲದಲ್ಲಿ ಈ ಮಾತಿಗೆ ವಿವರಣೆ ಬೇಕಿರಲಿಲ್ಲ. ಟೋಪಿಯವನೊಬ್ಬ ಬಂದು ಹಗ್ಗ ಎಳೆದು ಗೂಟ ಹೊಡೆದನೆಂದರೆ, ರಾಗಿ ಬೆಳೆದ ಹೊಲದಲ್ಲಿ ಬಡಾವಣೆ ಎದ್ದಿತೆಂದೇ ಲೆಕ್ಕ. ಜಯನಗರವೇ ಹಾಗೆ ಎದ್ದದ್ದಲ್ಲವೇ!

ಜಯದೇವಪ್ಪ ರೊಟ್ಟಿಯ ಗಂಟು ಬಿಚ್ಚುವಷ್ಟರಲ್ಲಿ ಡೇರೆಯ ಸುತ್ತ ಊರೇ ನೆರೆದಿತ್ತು.

“ಬುದ್ಧೀ, ಇದು ನಮ್ಮಪ್ಪನ ಕಾಲದ ಹೊಲ,” ಎಂದು ಬೈರಣ್ಣ ಕೈಮುಗಿದ.

“ಅಯ್ಯೋ, ನಾನು ಸರ್ವೆಯೋನಲ್ಲ ಕಣಪ್ಪಾ! ಸುಮ್ನೆ ಮಲಗೋಕೆ ಬಂದಿದ್ದೀನಿ.”

“ಮನೆ ಇಲ್ವರಾ?”

“ಇದೆ. ಜಯನಗರದಲ್ಲಿ. ಹೆಂಚಿನ ಮನೆ.”

“ಕೇಳುದ್ರಾ?” ಬೋರಣ್ಣ ಊರಿನವರತ್ತ ತಿರುಗಿದ. “ಹೆಂಚಿನ ಮನೆ ಇಟ್ಕೊಂಡು ಬಯಲಾಗೆ ಮಲಗಾಕೆ ಬಂದವ್ರಂತೆ!”

ಸರ್ಕಾರದವರು ನಿಜ ಹೇಳುವುದಿಲ್ಲ ಎಂದು ಊರಿಗೆ ಗೊತ್ತಿತ್ತು. ಆದರೆ ಸುಳ್ಳನ್ನಾದರೂ ನಂಬುವ ಹಾಗೆ ಹೇಳಬಾರದೇ!

ಪಕ್ಕದಲ್ಲೇ ಸೊಪ್ಪು ಬೆಳೆಯುತ್ತಿದ್ದ ಮುನಿವೆಂಕಟಮ್ಮ ಬಿಸಿಬಿಸಿ ಮುದ್ದೆ, ಅವರೆಕಾಳಿನ ಸಾರು ತಂದಿಟ್ಟಳು. “ಉಣ್ಣಿ ಸಾಮಿ. ಉಂಡ್ಮ್ಯಾಕೆ ಆ ಗೂಟ ವಸಿ ಅತ್ಲಾಗೆ ಹಾಕ್ಬುಡಿ. ನನ್ನ ಸೊಪ್ಪಿನ ಮಡಿ ಉಳ್ಕಳ್ಳಿ.”

ಸಾರಿನ ಘಮಕ್ಕೆ ಸೋತು ಜಯದೇವಪ್ಪ ಒಂದು ತುತ್ತು ನುಂಗಿದ. ಅದೇ ತಪ್ಪಾಯಿತು. ಸಾಹೇಬರು ಒಪ್ಪಿದರೆಂದು ಮುನಿವೆಂಕಟಮ್ಮ ತಾನೇ ಗೂಟ ಕಿತ್ತು ಬೋರಣ್ಣನ ಹೊಲದ ಕಡೆ ನೆಟ್ಟಳು. ಬೋರಣ್ಣ ಅದನ್ನು ಕಿತ್ತು ಬೈರಣ್ಣನ ಕಡೆ ನೆಟ್ಟ. ಬೈರಣ್ಣ ಸುಮ್ಮನಿರುತ್ತಾನೆಯೇ? ಈ ಎಳೆದಾಟದಲ್ಲಿ ಡೇರೆ ಪರ್ರೆಂದು ಎರಡು ಹೋಳಾಯಿತು.

“ನಿಲ್ಲಿಸ್ರಪ್ಪಾ!” ಜಯದೇವಪ್ಪ ಕೂಗಿದ. “ನಂಬಿಕೆ ಇಲ್ದಿದ್ರೆ ಜಯನಗರದಲ್ಲಿ ನಮ್ಮ ಪಕ್ಕದ್ಮನೆ ಕರಿಬಸವಯ್ಯನೋರನ್ನ ಕೇಳಿ!”

ಆಡಿದ ಮಾತು, ಒಡೆದ ಮುತ್ತು. ನಾಲಗೆ ಕಚ್ಚಿಕೊಳ್ಳುವಷ್ಟರಲ್ಲಿ ಬೈರಣ್ಣ ಅವನದೇ ಸೈಕಲ್ ಹತ್ತಿ ಏರಿಯ ಮೇಲೆ ಹೋಗುತ್ತಿದ್ದ.

ಬಿಸಿಲೇರುವ ಹೊತ್ತಿಗೆ ಸೈಕಲ್ಲಿನ ಹಿಂದೆ ಒಂದು ಜಟಕಾ ಬಂತು. ಅದರಿಂದ ಕರಿಬಸವಯ್ಯನವರು ಇಳಿದರು, ಅವರ ಹೆಂಡತಿ ಬಸವಲಿಂಗಮ್ಮ ಇಳಿದರು, ಕೊನೆಗೆ ಗಾಬರಿ ಮುಖದ ಗಿರಿಜಾದೇವಿಯೂ ಇಳಿದಳು.

“ಓಹೋ! ನೀವು ಬರ್ತಿದ್ದದ್ದು ಇಲ್ಲಿಗಾ!” ಕರಿಬಸವಯ್ಯನವರ ಮುಖ ಅರಳಿತು. ಆಮೇಲೆ ಊರಿನವರಿಗೆ ಹೇಳಿದರು, “ಇವ್ರು ಸರ್ವೆಯೋರಾ? ಗೋಡೆಗೊಂದು ಮೊಳೆ ಹೊಡೆಯೋಕೂ ನನ್ನೇ ಕರೀತಾರೆ ಕಣ್ರಪ್ಪಾ. ಹಸುವಿನಂಥ ಮನುಷ್ಯ. ಭಯ ಬೇಡಿ.”

ಊರು ನಿಟ್ಟುಸಿರು ಬಿಟ್ಟಿತು. ಜಯದೇವಪ್ಪನೂ ಬಿಟ್ಟ. ಗುಟ್ಟು ರಟ್ಟಾದರೇನು, ಬಂಡೆ ಉಳಿಯಿತಲ್ಲ ಎಂದು ಮರದಡಿ ಹೋಗಿ ಒರಗಿದ. ಕೆರೆಯ ಮೇಲಿಂದ ಗಾಳಿ ಬೀಸಿತು. ಆ ಗಾಳಿ ಈಗ ಎಲ್ಲಿದೆ ಹೇಳಿ! ನಡು ಬೇಸಿಗೆಯಲ್ಲೂ ಬೆಂಗಳೂರಿಗೆ ಶಾಲು ಹೊದೆಸುತ್ತಿದ್ದ ಗಾಳಿ ಅದು. ನೆನೆದರೆ ಹೊಟ್ಟೆ ಉರಿಯುತ್ತದೆ. ಬೆಳ್ಳಕ್ಕಿಗಳನ್ನು ನೋಡುತ್ತ ನೋಡುತ್ತ ಜಯದೇವಪ್ಪನಿಗೆ ಕಣ್ಣು ಹತ್ತಿತು.

ಎಚ್ಚರವಾದಾಗ ಬೈರಣ್ಣನೂ ಜಯನಗರದ ಮೂವರೂ ಅವನ ಬಂಡೆಯ ಮೇಲೆ ಕೂತು ನಗುನಗುತ್ತ ತಾಂಬೂಲ ಬದಲಾಯಿಸಿಕೊಳ್ಳುತ್ತಿದ್ದರು.

“ರೀ, ಎದ್ರಾ? ಒಳ್ಳೇ ಸುದ್ದಿ!” ಗಿರಿಜಾದೇವಿ ಓಡಿ ಬಂದಳು. “ಇವತ್ತಲ್ಲ ನಾಳೆ ನಿಜವಾದ ಸರ್ವೆಯೋರು ಬಂದೇ ಬರ್ತಾರಂತೆ. ಅವರ ಪಾಲಾಗೋದಕ್ಕಿಂತ ನಿಮ್ಮಂಥ ಒಳ್ಳೇ ಜನಕ್ಕೆ ಸೈಟು ಮಾಡಿ ಕೊಡ್ತೀನಿ ಅಂದ್ರು ಬೈರಣ್ಣ. ಈ ಬಂಡೆ ಸೈಟು ನಮಗೇ. ಮಾತು ಮುಗೀತು! ನೀವು ಇಷ್ಟು ವರ್ಷ ಬಿಗಿಹಿಡಿದು ಉಳಿಸಿದ ದುಡ್ಡು ಈಗ ಒದಗಿ ಬಂತು ನೋಡಿ.”

“ಮತ್ತೆ... ಬಂಡೆ?”

“ಸಿಡಿಸಿದ್ರೆ ತಳಪಾಯಕ್ಕೆ ಕಲ್ಲು ಪುಕ್ಕಟೆ!” ಎಂದರು ಬಸವಲಿಂಗಮ್ಮ.

ಜಯದೇವಪ್ಪ ಬೇಡವೆನ್ನಲು ಬಾಯಿ ತೆರೆದ. ಆದರೆ ಹೆಂಡತಿಯ ಮುಖದಲ್ಲಿ ಅಷ್ಟು ಸಂತೋಷವನ್ನು ಅವನು ಮದುವೆಯಾದ ಮೇಲೆ ಕಂಡದ್ದೇ ಅಪರೂಪ. ಏನೆಂದು ಹೇಳುವುದು? ಹೋಗಲಿ, ಕೆರೆ ಇದೆ, ಮರ ಇದೆ, ಸುತ್ತ ಜನ ಇಲ್ಲ ಎಂದು ಮನಸ್ಸಿಗೆ ತಾನೇ ಸಮಾಧಾನ ಹೇಳಿಕೊಂಡ.

ಕರಿಬಸವಯ್ಯನವರು ಬಂದು ಅವನಿಗೆ ಆತುಕೊಂಡೇ ಕೂತು ಹೆಗಲ ಮೇಲೆ ಕೈಹಾಕಿದರು.

“ಪಕ್ಕದ ಸೈಟು ನಮ್ದೇ ಕಣ್ರೀ! ಎರಡು ಮನೆಗೂ ಸೇರಿ ಒಂದೇ ಗೋಡೆ. ಇನ್ಮೇಲೆ ಭಾನುವಾರ ನೀವೊಬ್ರೇ ಸೈಕಲ್ ತುಳ್ಕೊಂಡು ಇಷ್ಟು ದೂರ ಬರೋ ಕಷ್ಟ ತಪ್ಪಿತು. ನಾವೆಲ್ಲ ಇಲ್ಲೇ ಇರ್ತೀವಲ್ಲ!”