ಮೂಗಿನ ಮೇಲೆ ಬೆರಳಿಟ್ಟ ಬೀಗಿತ್ತಿ

ಮಗಳು ದಾಯುನ್‌ಳ ಮದುವೆಯ ಮಾತುಕತೆಗೆ ಬೀಗರಾಗುವವರು ಗೊತ್ತುಮಾಡಿದ ಹೋಟೆಲಿನಲ್ಲಿ ಕುರ್ಚಿಗಳೇ ಇಲ್ಲ ಎಂದು ತಿಳಿದ ದಿನದಿಂದ ಪ್ಯೊ ಗಿತೆಕ್ ಅವರ ನೆಮ್ಮದಿ ಕೆಟ್ಟಿತು. ಅದು ಜೊಂಜು ಊರಿನ ಹಳೇ ಸಂಪ್ರದಾಯದ ಜಾಗ. ಎರಡು ಗಂಟೆ ನೆಲದ ಮೇಲೆ ಚಕ್ಕಲಮಕ್ಕಲ ಹಾಕಿ ಕೂರಬೇಕು. ಅವರ ಮೊಣಕಾಲುಗಳೋ, ನಾಲ್ಕು ವರ್ಷದ ಹಿಂದೆ ಅವರ ಜೊತೆಗೇ ನಿವೃತ್ತಿಯಾಗಿದ್ದವು.

"ಒಂದು ಕುರ್ಚಿ ಹಾಕ್ಸಿ ಅಂತ ಕೇಳಿದ್ರಾಯ್ತು ಕಣ್ರೀ," ಎಂದರು ಹೆಂಡತಿ ಮಲ್ಸುನ್.

"ಅಪ್ಪನೇ ಹೀಗೆ, ಮಗಳು ಹೇಗೋ ಅಂತ ಸಂಬಂಧ ಬೇಡ ಅಂದ್ರೆ? ನೀನು ಸುಮ್ನಿರು."

ಗಿತೆಕ್ ಆಗಲೇ ದಿನವೂ ಮೂರು ಪುಷ್ಟಿದ್ರವ್ಯಗಳನ್ನು ಸೇವಿಸುತ್ತಿದ್ದರು. ಜಿನ್ಸೆಂಗ್ ಬೇರಿನ ರಸ, ಗಿಂಕೋ ಎಲೆಯ ಮಾತ್ರೆ, ಮೀನೆಣ್ಣೆಯ ಗುಳಿಗೆ. ಮೂರೂ ಡಬ್ಬಿಗಳ ಮೇಲೆ 'ರಕ್ತ ಸರಾಗವಾಗಿ ಹರಿಯಲು ಸಹಕಾರಿ' ಎಂದಿತ್ತು. (ಎಲ್ಲಿಗೆ ಹರಿಯಲು ಎಂದು ಬರೆದಿರಲಿಲ್ಲ.) ಈಗ ಔಷಧಿ ಅಂಗಡಿಗೆ ಹೋಗಿ ಮಂಡಿನೋವಿಗೂ ಮಾತ್ರೆ ತಂದರು.

"ಬೇರೆ ಏನಾದ್ರೂ ತಗೋತೀರಾ ಅಂತ ಅಂಗಡಿಯವರು ಕೇಳಲಿಲ್ವಾ?"

"ಕೇಳಿದ್ರು. ಇಲ್ಲ ಅಂದೆ."

"ಮತ್ತೆ ಆ ಮೂರು ಡಬ್ಬಿ?"

"ಅದು ಆಹಾರ ಕಣೇ, ಡಬ್ಬಿ ಮೇಲೇ ಬರೆದಿದೆ. ಬೆಳಿಗ್ಗೆ ಅನ್ನ ತಿಂದೆ ಅಂತ ಔಷಧಿ ಅಂಗಡೀಲಿ ಯಾರಾದ್ರೂ ಹೇಳ್ತಾರಾ?"

ನಾಲ್ಕು ದಿನ ನುಂಗಿದರು. ಮಾತುಕತೆಯ ದಿನ, ಇರಲಿ ಎಂದು, ಒಂದರ ಬದಲು ಎರಡು ನುಂಗಿದರು.

ಮಂಡಿಗಳು ಮಾನ ಉಳಿಸಿದವು. ಗಿತೆಕ್ ಯೋಗಿಯ ಹಾಗೆ ಕೂತು, ಹುಡುಗನ ತಂದೆಗೆ ಅಕ್ಕಿಮದ್ಯ ಬಗ್ಗಿಸಿಕೊಟ್ಟು, ತಾವೂ ಒಂದು ಬಟ್ಟಲು ಕುಡಿದು, "ಈ ವಯಸ್ಸಿಗೂ ಒಂದು ಮಾತ್ರೆ ಮುಟ್ಟಿದವನಲ್ಲ ಬೀಗರೇ" ಎಂದರು. ಅಷ್ಟರಲ್ಲಿ ಎದುರಿನ ತಟ್ಟೆಯ ಬಿಳಿ ಮೂಲಂಗಿಯ ಮೇಲೆ ಒಂದು ಕೆಂಪು ಹನಿ ಬಿತ್ತು. ಹಿಂದೆಯೇ ಇನ್ನೊಂದು.

"ಅಯ್ಯೋ, ಮೂಗಲ್ಲಿ ರಕ್ತ," ಎಂದರು ಹುಡುಗನ ತಂದೆ. "ಎಷ್ಟು ದುಡಿದಿದ್ದೀರಿ, ಪಾಪ."

ಆ ಸೀಮೆಯಲ್ಲಿ ಮೂಗಿನಿಂದ ರಕ್ತ ಬಂದರೆ ಮೈಮುರಿದು ದುಡಿದವನೆಂದೇ ಅರ್ಥ. ತಾನಾಗಿ ಬಂದ ಬಿರುದನ್ನು ಬೇಡ ಎನ್ನುವುದುಂಟೇ? "ಏನ್ ಮಾಡೋದು, ಮಗಳ ಮದುವೆ ಅಂದ್ಮೇಲೆ ಹಗಲೂ ರಾತ್ರಿ ಓಡಾಟ," ಎಂದು ಗಿತೆಕ್ ನಿಟ್ಟುಸಿರು ಬಿಟ್ಟರು. (ತಿಂದ ತಟ್ಟೆ ಎತ್ತಿಟ್ಟವರಲ್ಲ ಎಂಬುದು ಗೊತ್ತಿದ್ದ ಮಲ್ಸುನ್ ಕೆಮ್ಮಿದರು.)

ಆದರೆ ಹತ್ತು ನಿಮಿಷವಾದರೂ ರಕ್ತ ನಿಲ್ಲಲಿಲ್ಲ. ಮೇಜಿನ ಮೇಲಿದ್ದ ಕಾಗದದ ಕರವಸ್ತ್ರಗಳೆಲ್ಲ ಮುಗಿದವು. ದಾಯುನ್ ಅಳುವ ಹಾಗಾದಳು. ಆಗ ಅಲ್ಲಿಯವರೆಗೂ ತುಟಿ ಬಿಚ್ಚದಿದ್ದ ಹುಡುಗನ ತಾಯಿ ಎದ್ದುಬಂದರು. ಮೂವತ್ತು ವರ್ಷ ಔಷಧಿ ಅಂಗಡಿ ನಡೆಸಿದ ಹೆಂಗಸು. ಆಶ್ಚರ್ಯವಾದರೆ ಜನ ತಮ್ಮ ಮೂಗಿನ ಮೇಲೆ ಬೆರಳಿಡುತ್ತಾರೆ. ಈಕೆ ಗಿತೆಕ್ ಅವರ ಮೂಗಿನ ಮೇಲೆಯೇ ಇಟ್ಟು, ತಲೆ ಮುಂದಕ್ಕೆ ಬಗ್ಗಿಸಿ, ಗಟ್ಟಿಯಾಗಿ ಹಿಂಡಿ ಹಿಡಿದರು.

"ಏನೇನು ತಗೋತೀರಿ ಬೀಗರೇ?"

"ಏಡೂ ಇಲ್ಲ," ಎಂದರು ಗಿತೆಕ್, ಹಿಂಡಿದ ಮೂಗಿನಲ್ಲೇ.

"ಔಷಧಿ ಕೇಳ್ತಿಲ್ಲ. ಬಾಯಿಗೆ ಹಾಕ್ಕೊಳ್ಳೋದೆಲ್ಲ ಹೇಳಿ."

ಮಲ್ಸುನ್ ಕಾದಿದ್ದವರಂತೆ ಒಂದೂ ಬಿಡದೆ ಒಪ್ಪಿಸಿದರು.

"ಇವೆಲ್ಲ ರಕ್ತ ಹೆಪ್ಪುಗಟ್ಟೋದನ್ನ ತಡೆಯೋ ಸಾಮಾನೇ. ಅದರ ಮೇಲೆ ನೋವಿನ ಮಾತ್ರೆ, ಅದೂ ಎರಡು, ಮೇಲೆ ಮದ್ಯ. ಮೂಗಲ್ಲಿ ಬಂತು, ಕಣ್ಣಿಗೆ ಕಾಣಿಸ್ತು. ಹೊಟ್ಟೆ ಒಳಗೆ ಸೋರಿದ್ರೆ ಯಾರಿಗೆ ಗೊತ್ತಾಗುತ್ತೆ? ಬೆಳಿಗ್ಗೆ ಮಲ ಕಪ್ಪಗಿತ್ತಾ?"

ಅಳಿಯನಾಗುವವನು ಸೊಪ್ಪಿನ ಬಟ್ಟಲನ್ನೇ ನೋಡತೊಡಗಿದ.

"ಹಳದಿ," ಎಂದರು ಗಿತೆಕ್, ಅರವತ್ತಮೂರು ವರ್ಷದ ಮರ್ಯಾದೆಯನ್ನೆಲ್ಲ ಒಟ್ಟುಗೂಡಿಸಿಕೊಂಡು.

ಇನ್ನೊಂದು ಕಾಲು ಗಂಟೆ ಹಿಡಿದ ಮೇಲೆ ರಕ್ತ ನಿಂತಿತು. ಬೀಗಿತ್ತಿ ಕೈ ತೊಳೆದು ಬಂದು ಕೂತರು. "ಹುಡುಗಿ ನಮಗೆ ಒಪ್ಪಿಗೆ. ಒಂದೇ ಷರತ್ತು. ಇವರನ್ನ ಈಗಲೇ ಡಾಕ್ಟರಿಗೆ ತೋರಿಸ್ಬೇಕು. ಇನ್ಮೇಲೆ ನಮ್ಮನ್ನ ಕೇಳದೆ ಏನೂ ನುಂಗಕೂಡದು."

ಗಿತೆಕ್ ಬಾಯಿ ತೆರೆಯುವ ಮೊದಲೇ ಮಲ್ಸುನ್ ಬೀಗಿತ್ತಿಯ ಎರಡೂ ಕೈ ಹಿಡಿದುಕೊಂಡರು.

"ಮಗಳನ್ನ ಮದುವೆ ದಿನ ಒಪ್ಪಿಸ್ತೀವಿ ಬೀಗಿತ್ತಿ. ಇವರನ್ನ ಇವತ್ತೇ ಕರ್ಕೊಂಡು ಹೋಗ್ಬಿಡಿ."