ಅಕ್ಕನ ಕಾಲುಂಗುರ, ಊರವರ ಹಿತ್ತಲು

ಅಮೆರಿಕದ ಫೋರ್ಟ್ ಮಿಲ್‌ನಲ್ಲಿ ಕನ್ನಡಿಗರ ಮನೆ ಹುಡುಕಲು ಆಗ ವಿಳಾಸವೇ ಬೇಕಿರಲಿಲ್ಲ. ಹಿತ್ತಲಿನ ಹುಲ್ಲಿನಲ್ಲಿ ಹೆಗ್ಗಣ ಬಗೆದ ಹಾಗೆ ಗುಂಡಿಗಳು ಕಂಡರೆ ಅದು ನಮ್ಮವರ ಮನೆಯೇ. ಆ ಹೆಗ್ಗಣ ನನ್ನ ಸ್ವಂತ ಭಾವ. ನೀವು ನಗಬಹುದು, ನಾನೂ ಎರಡು ವರ್ಷ ನಕ್ಕವಳೇ.

ಅಕ್ಕ ತೀರಿಕೊಂಡದ್ದು ತೊಂಬತ್ತಾರರ ಚಳಿಗಾಲದಲ್ಲಿ. ಅದಕ್ಕೂ ಮೊದಲಿನ ಬೇಸಿಗೆಯಲ್ಲಿ ಅವಳ ಎಡಗಾಲಿನ ಬೆಳ್ಳಿಯುಂಗುರ ಕಳೆದಿತ್ತು. ಕಾಯಿಲೆಗೆ ಬೆರಳು ಬಡವಾಗಿ ಎಲ್ಲೋ ಜಾರಿರಬೇಕು. ಎಲ್ಲಿ ಅಂತ ಹೇಳುವುದು? ಆ ಸ್ಥಿತಿಯಲ್ಲೂ ಬರಿಗಾಲಲ್ಲಿ ಎಲ್ಲರ ಹಿತ್ತಲಿಗೂ ಹೋಗಿ ಮೆಂತ್ಯ, ದಂಟು, ಅವರೆ ಹಾಕಿಕೊಟ್ಟು ಬಂದವಳು ಅವಳು. ಕೊನೆಗೆ ಒಂದೇ ಕಾಲುಂಗುರದಲ್ಲಿ ಅವಳನ್ನು ಕಳಿಸಬೇಕಾಯಿತು. ಭಾವ ಆ ಬರಿದಾದ ಬೆರಳನ್ನೇ ನೋಡುತ್ತ ನಿಂತಿದ್ದರು. ತಿಂಗಳೊಳಗೆ ಒಂದು ಮೆಟಲ್ ಡಿಟೆಕ್ಟರ್ ಕೊಂಡರು. ಉಂಗುರ ಸಿಕ್ಕರೆ ಅವಳ ಅಸ್ಥಿ ಬಿಟ್ಟ ನದಿಗೇ ಬಿಡುತ್ತೇನೆ ಎಂದರು.

ಅಲ್ಲಿಂದ ಶುರು. ಊಟಕ್ಕೆ ಕರೆದವರ ಮನೆಯಲ್ಲಿ ಎಲ್ಲರೂ ಬಿಸಿಬೇಳೆಬಾತ್ ಬಡಿಸಿಕೊಳ್ಳುತ್ತಿದ್ದರೆ ಇವರು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಹೊರಗೆ ಡಿಟೆಕ್ಟರಿನಿಂದ ನೆಲ ಸವರುತ್ತಿದ್ದರು. ಬಿಯರ್ ಬಾಟಲಿಯ ಮುಚ್ಚಳ, ಕುದುರೆ ಲಾಳ, ತುಕ್ಕು ಹಿಡಿದ ಬೀಗ, ಏನುಂಟು ಏನಿಲ್ಲ! ಒಮ್ಮೆ ಅಂತರ್ಯುದ್ಧದ ಕಾಲದ ಸೀಸದ ಗುಂಡು ಸಿಕ್ಕಿತು. ಪಕ್ಕದ ಮನೆಯ ಅಮೆರಿಕನ್ ಮುದುಕ ಬೇಲಿ ದಾಟಿ ಬಂದು ಕೈ ಕುಲುಕಿದ. ಭಾವ ಅದನ್ನು ಅವನ ಅಂಗೈಯಲ್ಲೇ ಇಟ್ಟು ಮುಂದಕ್ಕೆ ಹೋದರು.

ವಸಂತಾ ಆಂಟಿಯ ಹಿತ್ತಲಲ್ಲಂತೂ ಈಶಾನ್ಯ ಮೂಲೆಯಿಂದ ಒಂದು ತಾಮ್ರದ ಡಬ್ಬಿ ತೆಗೆದು, ತೊಳೆದು, ಪಾಯಸದ ಪಾತ್ರೆಯ ಪಕ್ಕ ತಂದಿಟ್ಟರು.

"ರೀ, ಭೂಮಿಪೂಜೆ ಡಬ್ಬಿ ಅದು. ಪುರೋಹಿತರು ಅಟ್ಲಾಂಟಾದಿಂದ ಡ್ರೈವ್ ಮಾಡ್ಕೊಂಡು ಬಂದು ಇಟ್ಟಿದ್ರು."

"ಹೌದಾ? ವಾಪಸ್ ಇಡ್ತೀನಿ ಬಿಡಿ. ಮಂತ್ರ ಏನಾದ್ರೂ ನೆನಪಿದ್ಯಾ ನಿಮಗೆ?"

ಪುರೋಹಿತರಿಗೆ ಫೋನ್ ಹೋಯಿತು. ಸ್ಪೀಕರ್ ಫೋನನ್ನು ಅಡುಗೆಮನೆಯ ಕಿಟಕಿಯಲ್ಲಿಟ್ಟು, ಅಟ್ಲಾಂಟಾದ ಮಂತ್ರಕ್ಕೆ ಫೋರ್ಟ್ ಮಿಲ್‌ನಲ್ಲಿ ಮಣ್ಣು ಮುಚ್ಚಿದ್ದಾಯಿತು. ಆಂಟಿಗೆ ಕೋಪ ಬರಲಿಲ್ಲ. ಭಾವನಿಗೆ ಕಾಫಿ ತಂದುಕೊಟ್ಟು, ಅಕ್ಕ ದಂಟಿನ ಪಾತಿ ಮಾಡಿದ ಜಾಗ ತೋರಿಸುತ್ತ ಬಹಳ ಹೊತ್ತು ನಿಂತಿದ್ದರು.

ಅಕ್ಕ ಹೋಗಿ ಎರಡು ವರ್ಷವಾದ ಮೇಲೆ ಅವಳ ಸೀರೆಗಳನ್ನು ಬೇರ್ಪಡಿಸಲು ಭಾವನ ಮನೆಗೆ ಹೋದೆ. ಸೀರೆಗಳ ಕೆಳಗೆ ಅವಳ ಕುಂಕುಮದ ಭರಣಿಯಿತ್ತು. ತೆರೆದರೆ ಒಳಗೆ ಕಾಲುಂಗುರ. ಸಂದಿಯಲ್ಲಿ ಇನ್ನೂ ಕೆಂಪು ಮಣ್ಣು. ಭಾವ ಬಾಗಿಲಲ್ಲೇ ನಿಂತಿದ್ದರು.

"ಇದು ಯಾವಾಗ ಸಿಕ್ತು ಭಾವ?"

"ಮೊದಲನೇ ವಾರದಲ್ಲೇ. ನಮ್ಮ ಹಿತ್ತಲಲ್ಲೇ ಇತ್ತು, ಬದನೆ ಗಿಡದ ಹತ್ರ."

"ಮತ್ತೆ ಇಷ್ಟು ದಿನ ಊರೆಲ್ಲ ಅಗೆದಿದ್ದು?"

ಅವರು ನನ್ನ ಕಡೆ ನೋಡಲಿಲ್ಲ. "ಸುಮ್ನೆ ಊಟಕ್ಕೆ ಹೋದ್ರೆ ಎಲ್ರೂ ಆಫೀಸು, ಗ್ರೀನ್ ಕಾರ್ಡು ಅಂತ ಮಾತಾಡ್ತಾರೆ. ಹುಡುಕ್ತಾ ಹೋದ್ರೆ ಅವಳು ಇಲ್ಲಿ ಕೂತಿದ್ಲು, ಇದನ್ನ ನೆಟ್ಲು ಅಂತ ಹೇಳ್ತಾರೆ ಕಣಮ್ಮ. ಸಿಕ್ತು ಅಂದ್ಬಿಟ್ರೆ ಅದೂ ಮುಗೀತಲ್ಲ."

ನನಗೆ ನಾಚಿಕೆಯಾಯಿತು. ಅವರಿಗೆ ನೋವಾದೀತೆಂದು ಎರಡು ವರ್ಷ ಅವರ ಮುಂದೆ ಅಕ್ಕನ ಹೆಸರನ್ನೇ ಎತ್ತದೆ, ಹವೆ, ಟ್ರಾಫಿಕ್ಕು ಎಂದು ಮಾತು ತೇಲಿಸಿದವಳು ನಾನು. ಒಡಹುಟ್ಟಿದವಳು. ಭರಣಿಯ ಮುಚ್ಚಳ ಹಾಕಿ ಇದ್ದಲ್ಲೇ ಇಟ್ಟೆ.

"ಭಾನುವಾರ ನಮ್ಮ ಹಿತ್ತಲಿಗೆ ಬನ್ನಿ ಭಾವ. ಅಲ್ಲಿ ನೀವು ಸರಿಯಾಗಿ ಹುಡುಕಿಲ್ಲ."

ಅವರು ಕಣ್ಣೊರೆಸಿಕೊಂಡರು. "ಎಷ್ಟು ಹೊತ್ತಿಗೆ ಬರ್ಲಿ?"

"ಬೆಳಿಗ್ಗೇನೇ ಬನ್ನಿ. ಅವಳು ಹುಟ್ಟಿದ ಕಥೆಯಿಂದ ಶುರು ಮಾಡ್ಬೇಕು."